ಕೋಳಿ ಸತ್ತರೆ ದುಡ್ಡು, ಅಂಗಡಿ ಸತ್ತರೆ ಹಿಂಬರಹವೂ ಇಲ್ಲ

“ಕೋಳೀನೇ ಇರ್ಲಿಲ್ಲ ಅಂದ್ಮೇಲೆ ನಷ್ಟ ಎಲ್ಲಾಯ್ತು ಸ್ವಾಮಿ?”

ಕೌಂಟರಿನ ಆ ಕಡೆಯಿಂದ ಬಂದ ಮಾತು ಇದು, ಇವತ್ತು ಹನ್ನೊಂದೂವರೆಗೆ. ಹಕ್ಕಿಜ್ವರ ಅಂತ ಮುಚ್ಚಿಸಿದ ನನ್ನ ಕೋಳಿ ಅಂಗಡಿಗೆ ಪರಿಹಾರ ಕೇಳೋಕೆ ಸರ್ಕಾರಿ ಕಚೇರಿಗೆ ಹೋಗಿದ್ದೆ. ಕ್ಯೂನಲ್ಲಿ ಹಿಂದೆ ನಿಂತಿದ್ದೋರೆಲ್ಲ ಕಿಸಕ್ಕಂತ ನಕ್ಕರು. ಸಂಜೆ ಆದ್ರೂ ಆ ನಗು ಕಿವಿಯಿಂದ ಹೋಗಿಲ್ಲ. ಪ್ರಶ್ನೆ ಕೇಳಿ ಆ ಮನುಷ್ಯ ಪೆನ್ನಿನ ಕ್ಯಾಪ್ ಹಾಕ್ದ ನೋಡಿ, ಅಲ್ಲಿಗೆ ಮಾತು ಮುಗೀತು ಅನ್ನೋ ಹಾಗೆ. ಅರ್ಜಿ ಇನ್ನೂ ಮೊದಲನೇ ಪುಟದಲ್ಲೇ ಇತ್ತು.

ಕೋಳಿ ಯಾಕಿರ್ಲಿಲ್ಲ? ಹಕ್ಕಿಜ್ವರ ಅಂತ ಸುದ್ದಿ ಹಬ್ಬಿದ ಸಂಜೆ ಯಾವ ಅಂಗಡಿಯವನೂ ಕೇಜಿನಲ್ಲಿ ಮಾಲು ತುಂಬ್ಕೊಂಡು ಕೂರಲ್ಲ. ನಿಂತ ಕೋಳಿ ದಿನದಿನಕ್ಕೂ ತೂಕ ಇಳಿಯುತ್ತೆ, ಮೇವು ತಿನ್ನುತ್ತೆ, ಸೆಖೆಗೆ ಸಾಯುತ್ತೆ. ಅದಕ್ಕೇ ಸಿಕ್ಕಿದ ರೇಟಿಗೆ ಕೊಟ್ಟು ಕೈ ತೊಳ್ಕೊಳ್ಳೋದು. ಆದೇಶ ಬರೋ ಹೊತ್ತಿಗೆ ಕೇಜು ಖಾಲಿ. ಮೊದಲೇ ಮಾಲು ಖಾಲಿ ಮಾಡಿದ್ದೇ ತಪ್ಪಾಯ್ತು.

ಯಾಕಂದ್ರೆ ಪರಿಹಾರ ಹೀಗೆ ನಡೆಯುತ್ತೆ. ರೋಗ ಸಿಕ್ಕಿದ ಜಾಗದ ಸುತ್ತ 1 ಕಿ.ಮೀ. ಸೋಂಕಿತ ವಲಯ. ಅಲ್ಲಿಗೆ ತಂಡ ಬಂದು ಬ್ರಾಯ್ಲರ್, ಮೊಟ್ಟೆ ಕೋಳಿ, ನಾಟಿ ಕೋಳಿ, ಬಾತು ಅಂತ ವಿಂಗಡಿಸಿ ಎಣಿಸುತ್ತೆ, ಕೊಲ್ಲುತ್ತೆ, ಹೂಳುತ್ತೆ. ಕೊಂದ ಹಕ್ಕಿಗೆ, ನಾಶ ಮಾಡಿದ ಮೊಟ್ಟೆಗೆ, ಮೇವಿಗೆ ದುಡ್ಡು; ಕೇಂದ್ರ ಅರ್ಧ, ರಾಜ್ಯ ಅರ್ಧ. ತಂಡ ಬರೋ ಮೊದಲೇ ತಾನಾಗಿ ಸತ್ತ ಕೋಳಿಗೆ ಇಲ್ಲ. 1ರಿಂದ 10 ಕಿ.ಮೀ. ಕಣ್ಗಾವಲು ವಲಯ. ಅಲ್ಲಿ ಕೊಲ್ಲಲ್ಲ, ಆದ್ರೆ ಸಾಗಣೆಗೆ ತಡೆ. ಕೊಲ್ಲದೇ ಇದ್ದ ಮೇಲೆ ಕೊಡೋದೇನು? ಫಾರಂನಿಂದ ಲೋಡ್ ಬರಲ್ಲ, ಶಟರ್ ಏಳಲ್ಲ, ಬಾಡಿಗೆ ಮಾತ್ರ ಒಂದನೇ ತಾರೀಖು ತಪ್ಪಲ್ಲ. ಕಟ್ ಮಾಡೋ ಹುಡುಗರಿಗೆ ಸಂಬಳ ನಿಲ್ಲಿಸಿದ್ರೆ ಅವರು ಬೇರೆ ಅಂಗಡಿ ನೋಡ್ಕೋತಾರೆ, ಆಮೇಲೆ ಕೈ ಪಳಗಿದವರು ಸಿಗಲ್ಲ. ಹೋಟೆಲ್ ಆರ್ಡರ್ ಅಂತೂ ಒಮ್ಮೆ ಫ್ರೋಜನ್ ಮಾಲಿನ ಕಡೆ ತಿರುಗಿದ್ರೆ ವಾಪಸ್ ಬರೋದು ಕನಸು. ಈ ಯಾವುದನ್ನೂ ಮಹಜರಿನಲ್ಲಿ ಎಣಿಸೋಕಾಗಲ್ಲವಂತೆ. ರೆಕ್ಕೆ ಇಲ್ವಲ್ಲ.

2020ರ ಮಾರ್ಚಿನಲ್ಲಿ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಬಂದಾಗ್ಲೇ ಮೈಸೂರಿನವರಿಗೆ ಇದು ಗೊತ್ತಾಗ್ಬೇಕಿತ್ತು. ಅದರ ಬೆನ್ನಿಗೇ ಲಾಕ್‌ಡೌನ್ ಬಂತು, ಎಲ್ಲಾ ಮರೆತೋಯ್ತು. ಆಗ ಕ್ಷೌರಿಕರಿಗೆ, ಮಡಿವಾಳರಿಗೆ ಒಂದೇ ಸಲ 5,000 ರೂಪಾಯಿ ಘೋಷಿಸಿದ್ರು; 2021ರಲ್ಲಿ 2,000. ಅದಕ್ಕೂ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ. ಹೆಸರೇನೇ ಇಟ್ಕೊಳ್ಳಿ, ಅದು ‘ನೆರವು’ ಅಷ್ಟೆ. ಪರಿಹಾರ ಅಂದ್ರೆ ಹಕ್ಕು, ಲೆಕ್ಕ ಕೇಳ್ಬಹುದು. ನೆರವು ಅಂದ್ರೆ ಕೈಯೊಡ್ಡಿ ಇಸ್ಕೊಂಡು ಸುಮ್ನಿರ್ಬೇಕು. ಮಿಕ್ಕವರಿಗೆ? ಸಾಲ. ಮುಚ್ಚಿಸಿದವರೇ ಬಡ್ಡಿಗೆ ದುಡ್ಡು ಕೊಡಿಸೋ ಔದಾರ್ಯ.

ವಿಮೆ ಇತ್ತಲ್ಲ ಅಂತೀರ. ಬೆಂಕಿ, ಕಳ್ಳತನಕ್ಕೆ ಇದೆ. ವ್ಯಾಪಾರ ನಿಂತ ನಷ್ಟಕ್ಕೆ ಬೇರೆ ಪ್ರೀಮಿಯಂ ಕಟ್ಟಿದ್ರೂ ಮೊದಲು ಕಟ್ಟಡಕ್ಕೋ ಮಾಲಿಗೋ ಹಾನಿ ಆಗಿರ್ಬೇಕು. ಶಟರ್ ಎಳೆಸಿದ್ದು ಹಾನಿ ಅಲ್ಲ. ಬಾಡಿಗೆ? 2020ರ ಮೇನಲ್ಲೇ ದೆಹಲಿ ಹೈಕೋರ್ಟ್ ಹೇಳಿಬಿಟ್ಟಿದೆ, ಲಾಕ್‌ಡೌನ್ ಅಂತ ಬಾಡಿಗೆ ಮನ್ನಾ ಆಗಲ್ಲ, ಸ್ವಲ್ಪ ಮುಂದೂಡಬಹುದು ಅಷ್ಟೆ.

ಒಂದು ವಿಷಯ ಯಾರಾದ್ರೂ ಹೇಳ್ರಪ್ಪಾ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ನಿಮ್ಮ ವಾಹನನೋ ಕಟ್ಟಡನೋ ವಶಕ್ಕೆ ತಗೊಂಡ್ರೆ 66ನೇ ಕಲಂ ಪ್ರಕಾರ ಪರಿಹಾರ ಇದೆ. ಅದೇ ಕಟ್ಟಡ ನಿಮ್ಮ ಹತ್ರಾನೇ ಬಿಟ್ಟು, ಬಾಗಿಲು ತೆಗೀಬೇಡ ಅಂದ್ರೆ ಬಿಡಿಗಾಸಿಲ್ಲ. ಹಾಗಾದ್ರೆ ಬೀಗದ ಕೈ ನೀವೇ ಇಟ್ಕೊಳ್ಳಿ ಅಂತ ಕೊಟ್ಟುಬಿಡ್ಲಾ? ಆಗ ‘ವಶ’ ಆಗುತ್ತಾ? ತಮಾಷೆ ಅಲ್ಲ, ನಿಜವಾಗ್ಲೂ ಕೇಳ್ತಿದೀನಿ.

ಹೋಗ್ಲಿ, ದುಡ್ಡು ಬೇಡ. ರೋಗ ಹರಡ್ಬಾರ್ದು, ಮುಚ್ಚಿಸಿದ್ದು ಸರೀನೇ, ಅದನ್ನ ಯಾರೂ ಇಲ್ಲ ಅಂತಿಲ್ಲ. ಕೊಡಲ್ಲ ಅನ್ನೋದನ್ನ ಬರೆದು ಕೊಡಿ, ಒಂದು ಹಿಂಬರಹ, ಎರಡೇ ಸಾಲು. ಬಾಯಲ್ಲಿ ಹೇಳಿದ್ದರ ಮೇಲೆ ಮೇಲ್ಮನವಿ ಹಾಕೋಕಾಗಲ್ಲ. ಅದು ಅವರಿಗೂ ಗೊತ್ತು, ಅದಕ್ಕೇ ಬರೆಯಲ್ಲ. ಯಾರಾದ್ರೂ ಹೋಗೋರಿದ್ರೆ ಅರ್ಜಿ ಎರಡು ಪ್ರತಿ ಒಯ್ಯಿರಿ, ಕಚೇರಿಯ ಟಪಾಲು ವಿಭಾಗದಲ್ಲಿ ಎರಡನೇದಕ್ಕೆ ಸೀಲು, ತಾರೀಖು ಹಾಕಿಸ್ಕೊಳ್ಳಿ, ಆಮೇಲೆ ಕೌಂಟರಿಗೆ ಹೋಗಿ. ಇಷ್ಟೆಲ್ಲ ಗೊತ್ತಿರೋ ಈ ಮಹಾನುಭಾವ ಇವತ್ತು ಒಂದೇ ಪ್ರತಿ ಹಿಡ್ಕೊಂಡು ಹೋಗಿದ್ದ.

ಬಿಡಲ್ಲ ಅಂತೂ ಬಿಡಲ್ಲ. ಮಾಹಿತಿ ಹಕ್ಕಿನಲ್ಲಿ ಹಾಕ್ತೀನಿ: 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರ್ದು. ಇಲ್ಲಿ ಗೋಳಾಡಿರೋದೇ ಅದರ ಎರಡೂವರೆ ಪಟ್ಟು ದಾಟಿದೆ. ರಾತ್ರಿಯೆಲ್ಲಾ ಕೂತು ಕತ್ತರಿಸ್ಬೇಕು. ಕಟಿಂಗ್ ಒಂದು ಬರುತ್ತೆ, ಪುಣ್ಯ.