ಓದ್ತೀಯಾ ಅಂತ ಒಬ್ಬರೂ ಕೇಳಲಿಲ್ಲ

ಒಂಬತ್ತು ವರ್ಷದ ಒಬ್ಬ ಹುಡುಗನಿಗೆ ಮೂರು ಸ್ಕೂಲಿನ ಊಟದ ನಂಬರ್ ಬಾಯಿಪಾಠವಾಗಿದೆ. ಇಲ್ಲಿ ಅಮೆರಿಕದ ಸರ್ಕಾರಿ ಸ್ಕೂಲಿನಲ್ಲಿ ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತ ಮಗು ಪುಟ್ಟ ಕೀಪ್ಯಾಡ್‌ನಲ್ಲಿ ತನ್ನ ನಂಬರ್ ಒತ್ತಿ ತಟ್ಟೆ ತಗೊಳ್ಳಬೇಕು. ಈ ಹುಡುಗ ಎರಡು ವರ್ಷದೊಳಗೆ ಮೂರು ಮನೆ ಕಂಡ. ಪ್ರತಿ ಮನೆ ಜೊತೆ ಸ್ಕೂಲೂ ಬದಲಾಯಿತು, ನಂಬರೂ ಬದಲಾಯಿತು. ಹಳೇ ನಂಬರ್ ಯಾಕಪ್ಪಾ ನೆನಪಿಟ್ಟುಕೊಂಡಿದ್ದೀಯ ಎಂದು ಕೇಳಿದೆ. ವಾಪಸ್ ಹೋದರೆ ಬೇಕಾಗುತ್ತಲ್ಲ ಎಂದ.

ನಾನು ಓಹಾಯೋದ ಕೊಲಂಬಸ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಮೂರು ವರ್ಷದಿಂದ ಬಿಡುವಿನ ವೇಳೆಯಲ್ಲಿ 'ಕಾಸಾ' ಸ್ವಯಂಸೇವಕನಾಗಿದ್ದೇನೆ. ಹೆತ್ತವರಿಂದ ಬೇರೆಯಾದ ಮಗುವಿನ ಕೇಸು ಕೋರ್ಟಿಗೆ ಬಂದಾಗ, ಆ ಮಗುವನ್ನು ಆಗಾಗ ಕಂಡು, ಅದರ ಮಾತು ಕೇಳಿ, ಅದಕ್ಕೆ ಯಾವುದು ಒಳ್ಳೆಯದು ಎಂದು ಜಡ್ಜ್‌ಗೆ ಬರೆದು ಕೊಡುವ ಕೆಲಸ. 1977ರಲ್ಲಿ ಸಿಯಾಟಲ್‌ನ ಡೇವಿಡ್ ಸೂಕಪ್ ಎಂಬ ಜಡ್ಜ್ ಶುರು ಮಾಡಿದ್ದು. ಆ ಹುಡುಗನ ಕೇಸು ನನಗೆ ಬಂದದ್ದು ಹೀಗೆ. ಗುರುತು ಸಿಗುವ ವಿವರ ಯಾವುದನ್ನೂ ಇಲ್ಲಿ ಹೇಳುವುದಿಲ್ಲ.

ನಮ್ಮ ಕನ್ನಡ ಬಳಗದಲ್ಲಿ ಈ ಕೆಲಸದ ವಿಷಯ ಎತ್ತಿದರೆ ಮೊದಲು ಬರುವುದು ಭಯ. "ಮಗುಗೆ ಒಂದೇಟು ಹೊಡೆದ್ರೆ ಸಾಕಂತೆ, ಸಿಪಿಎಸ್‌ನವರು ಬಂದು ಎತ್ಕೊಂಡು ಹೋಗ್ತಾರಂತೆ ಅಲ್ವಾ?" ಸಿಪಿಎಸ್ ಎಂದರೆ ಮಕ್ಕಳ ರಕ್ಷಣೆ ನೋಡುವ ಸರ್ಕಾರಿ ಇಲಾಖೆ. ಹಾಗೇನಿಲ್ಲ. ಬರುವ ದೂರುಗಳಲ್ಲಿ ಬಹುಪಾಲು ಮಗುವನ್ನು ಮನೆಯಿಂದ ಕರೆದೊಯ್ಯುವ ಹಂತಕ್ಕೆ ಹೋಗುವುದೇ ಇಲ್ಲ. ಆದರೆ ಭಯ ಪೂರ್ತಿ ಸುಳ್ಳೂ ಅಲ್ಲ. ಮಗುವಿಗೆ ಹಿಂಸೆ ಆಗುತ್ತಿದೆ ಎಂದು ಟೀಚರ್‌ಗೆ, ಡಾಕ್ಟರ್‌ಗೆ ಅನುಮಾನ ಬಂದರೆ ದೂರು ಕೊಡಲೇಬೇಕು. 1974ರಲ್ಲಿ ಬಂದ ಫೆಡರಲ್ (ಕೇಂದ್ರದ) ಕಾನೂನು, ಇಲ್ಲಿಯವರು 'ಕ್ಯಾಪ್ಟಾ' ಎನ್ನುವುದು, ಇಂಥ ನಿಯಮ ಇಟ್ಟುಕೊಂಡ ರಾಜ್ಯಗಳಿಗೇ ಅನುದಾನ ಎಂದಿತು. ಒಳ್ಳೆಯ ಮನಸ್ಸಿನಿಂದ ದೂರು ಕೊಟ್ಟವರ ಮೇಲೆ ಕೇಸು ಬೀಳದಂತೆ ರಕ್ಷಣೆ ಇರಲಿ ಎಂದಿತು. ಕೋರ್ಟಿಗೆ ಬಂದ ಪ್ರತಿ ಮಗುವಿನ ಪರವಾಗಿ ಮಾತಾಡಲು ಒಬ್ಬರಿರಲಿ ಎಂದಿತು. ನನ್ನಂಥವರು ಕೋರ್ಟಿನ ಒಳಗೆ ನಿಲ್ಲುವುದು ಆ ಸಾಲಿನ ಬಲದಿಂದಲೇ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ವಾಷಿಂಗ್ಟನ್ ಯಾವ ಮಗುವನ್ನೂ ನೇರವಾಗಿ ನೋಡಿಕೊಳ್ಳುವುದಿಲ್ಲ. ನೋಡಿಕೊಳ್ಳುವುದು ರಾಜ್ಯ. ಓಹಾಯೋದಲ್ಲಂತೂ 88 ಕೌಂಟಿಗಳೇ ಈ ಕೆಲಸ ನಡೆಸುತ್ತವೆ. ಕೇಂದ್ರ ದುಡ್ಡು ಕೊಡುತ್ತದೆ, ದುಡ್ಡಿನ ಜೊತೆ ಷರತ್ತು ಕಳಿಸುತ್ತದೆ. ಷರತ್ತಿನ ಅರ್ಥವೇನು ಎಂದು ಬರೆದು ತಿಳಿಸುವುದು 1912ರಲ್ಲಿ ಹುಟ್ಟಿದ ಚಿಲ್ಡ್ರನ್ಸ್ ಬ್ಯೂರೋ ಎಂಬ ಫೆಡರಲ್ ಕಚೇರಿ. ಆ ಸುತ್ತೋಲೆಗಳೂ ಪ್ರಶ್ನೋತ್ತರಗಳೂ ಕೆಲವೊಮ್ಮೆ ಕಾನೂನಿನಷ್ಟೇ ಕೆಲಸ ಮಾಡುತ್ತವೆ. 2019ರ ಸುಮಾರಿಗೆ ಬ್ಯೂರೋ ತನ್ನ ಕೈಪಿಡಿಯಲ್ಲಿ ಒಂದು ಉತ್ತರವನ್ನು ಬದಲಾಯಿಸಿತು. ಅಲ್ಲಿಂದ ಮಗುವಿನ ವಕೀಲರ ಖರ್ಚಿಗೂ ಹೆತ್ತವರ ವಕೀಲರ ಖರ್ಚಿಗೂ ರಾಜ್ಯಗಳು ಫೆಡರಲ್ ಹಣ ಕೇಳಬಹುದಾಯಿತು. ಹೊಸ ಕಾನೂನೇನೂ ಬೇಕಾಗಲಿಲ್ಲ. ಬಡ ತಾಯಿಯೊಬ್ಬಳು ಕೋರ್ಟಿನಲ್ಲಿ ಒಂಟಿಯಾಗಿ ನಿಲ್ಲುವುದಕ್ಕೂ ಪಕ್ಕದಲ್ಲಿ ವಕೀಲರಿರುವುದಕ್ಕೂ ಎಷ್ಟು ವ್ಯತ್ಯಾಸ ಎಂದು ನಾನು ನೋಡಿದ್ದೇನೆ.

ಈಗ ನಮ್ಮೂರ ಕಡೆ ಬರುತ್ತೇನೆ.

ನನ್ನ ಅಜ್ಜಿಮನೆ ತರೀಕೆರೆ ಹತ್ತಿರ. ಅಮ್ಮನ ತಂಗಿ ಜ್ವರ ಬಂದು ತೀರಿಕೊಂಡಾಗ ಅವರ ಮಗಳಿಗೆ ಹನ್ನೊಂದು, ಮಗನಿಗೆ ಐದು. ಚಿಕ್ಕಪ್ಪ ವರ್ಷದೊಳಗೆ ಇನ್ನೊಂದು ಮದುವೆಯಾದರು. ಮಕ್ಕಳು ಅಜ್ಜಿಮನೆಗೆ ಬಂದರು. ಯಾವ ಕಾಗದವೂ ಇಲ್ಲ, ಯಾವ ಕಚೇರಿಯೂ ಇಲ್ಲ. ಅಜ್ಜಿ ಹಾಸಿಗೆ ಸಾಲಿಗೆ ಇನ್ನೆರಡು ಚಾಪೆ ಹಾಸಿದರು. ಅಡುಗೆಮನೆ ಗೂಡಿನಲ್ಲಿ ಇನ್ನೆರಡು ಸ್ಟೀಲ್ ಲೋಟ ಬಂತು, ಅಕ್ಕನ ಹೆಸರೂ ತಮ್ಮನ ಹೆಸರೂ ಕೆತ್ತಿಸಿದ್ದು. ಬೇಸಿಗೆ ರಜೆಗೆ ಹೋದಾಗ ನನಗೆ ಅದೇ ದೊಡ್ಡ ಸಂಗತಿ. ನನ್ನ ಹೆಸರಿನ ಲೋಟ ಇರಲಿಲ್ಲ, ಅವರಿಗೆ ಇತ್ತು. ಅಂದರೆ ಆ ಮನೆ ಅವರದು.

ಇಷ್ಟು ಸುಲಭವಾಗಿ ಎರಡು ಮಕ್ಕಳಿಗೆ ಜಾಗ ಮಾಡಿಕೊಟ್ಟ ಆ ಮನೆಯ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ಆದರೆ ಅಕ್ಕ ಎಸ್‌ಎಸ್‌ಎಲ್‌ಸಿ ಮುಗಿಸಿದ ಮೇಲೆ ಓದು ನಿಂತಿತು. ಮಾವ ಸಾಕು ಎಂದರು. ತಮ್ಮನನ್ನು ಶಿವಮೊಗ್ಗದ ಹಾಸ್ಟೆಲಿಗೆ ಕಳಿಸಿದರು. ಅಕ್ಕ ಅಜ್ಜಿಯ ಜೊತೆ ಒಲೆ ಮುಂದೆ ಉಳಿದಳು. ಅವರಪ್ಪನನ್ನು ನೋಡಬೇಕು ಅನಿಸುತ್ತದಾ, ತಮ್ಮ ದೂರವಾದದ್ದು ಕಷ್ಟವಾಯಿತಾ, ಇದನ್ನೆಲ್ಲ ಯಾರೂ ಅವಳ ಹತ್ತಿರ ಮಾತಾಡಲಿಲ್ಲ. ಕಾಸಾ ತರಬೇತಿ ಮುಗಿದ ವಾರ ಅವಳಿಗೆ ಫೋನ್ ಮಾಡಿ ಇಲ್ಲಿ ಏನೇನು ಮಾಡುತ್ತಾರೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅನ್ನ ಹಾಕಿದ್ರು ಕಣೋ, ಅದು ಸುಳ್ಳಲ್ಲ. ಅಜ್ಜಿ ನನ್ನನ್ನ ಮಗಳ ಹಾಗೆ ನೋಡ್ಕೊಂಡ್ರು. ಆದ್ರೆ ಓದ್ತೀಯಾ ಅಂತ ಒಬ್ರೂ ಕೇಳ್ಲಿಲ್ಲ ನೋಡು" ಎಂದಳು.

ಆ ಮಾತು ಕೇಳಿದ ಮೇಲೆ ಇಲ್ಲಿನ ಕಾನೂನನ್ನು ನಾನು ಓದುವ ರೀತಿಯೇ ಬದಲಾಯಿತು. ಫಾಸ್ಟರ್ ಮನೆಯಲ್ಲಿ, ಅಂದರೆ ಸರ್ಕಾರ ಗೊತ್ತುಮಾಡಿದ ಸಾಕುಮನೆಯಲ್ಲಿ, ಇರುವ ಮಗುವನ್ನು ಕೇಸು ನೋಡಿಕೊಳ್ಳುವ ಕೇಸ್‌ವರ್ಕರ್ ತಿಂಗಳಿಗೊಮ್ಮೆ ಖುದ್ದಾಗಿ ನೋಡಬೇಕು. ಈ ಭೇಟಿ ನಡೆಯುತ್ತಿದೆಯಾ ಎಂದು ರಾಜ್ಯಗಳು ಲೆಕ್ಕ ಕೊಡಬೇಕು ಎಂದು 2006ರಲ್ಲಿ ಕಾನೂನು ಮಾಡಿದರು. ಮಗು ಮುಂದೆ ಎಲ್ಲಿರಬೇಕು ಎಂದು ನಿರ್ಧರಿಸುವ ವಿಚಾರಣೆಯಲ್ಲಿ, ವಯಸ್ಸಿಗೆ ತಕ್ಕ ಹಾಗೆ ಮಗುವನ್ನೇ ಕೇಳಬೇಕು ಎಂಬ ಷರತ್ತು ಬಂದದ್ದೂ ಆ ವರ್ಷವೇ. ನನ್ನ ಹುಡುಗನನ್ನು ಜಡ್ಜ್ ತಮ್ಮ ಕೊಠಡಿಗೆ ಕರೆದು ಇಪ್ಪತ್ತು ನಿಮಿಷ ಮಾತಾಡಿದರು. ಹೊರಗೆ ಬಂದವನು, "ಅವರು ನಾನು ಹೇಳಿದ್ದನ್ನ ಬರೆದುಕೊಂಡರು" ಎಂದ. ಹೇಳಿದ್ದು ನಡೆಯುತ್ತದೋ ಇಲ್ಲವೋ, ಬರೆದುಕೊಂಡರಲ್ಲ ಎಂಬುದೇ ಅವನಿಗೆ ದೊಡ್ಡದಾಗಿತ್ತು.

ಹಾಗಂತ ಇಲ್ಲಿನದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಅಜ್ಜಿ ಒಂದು ಸಂಜೆಯಲ್ಲಿ ಮಾಡಿದ ಕೆಲಸ ಈ ದೇಶದ ಕಾನೂನಿಗೆ ಅರ್ಥವಾಗಲು ದಶಕಗಳೇ ಹಿಡಿದವು. ಮಗುವನ್ನು ಮನೆಯಿಂದ ತೆಗೆದ 30 ದಿನದೊಳಗೆ ಅಜ್ಜ ಅಜ್ಜಿ, ಹತ್ತಿರದ ನೆಂಟರನ್ನು ಹುಡುಕಿ ತಿಳಿಸಬೇಕು ಎಂಬ ನಿಯಮ ಬಂದದ್ದು 2008ರಲ್ಲಿ. ಅದಕ್ಕೂ ಮೊದಲು ನೆಂಟರೇ ಮೊದಲು ಎಂದು ಸ್ಪಷ್ಟವಾಗಿ ಹೇಳಿದ್ದು ಇಲ್ಲಿನ ಮೂಲನಿವಾಸಿಗಳ ಮಕ್ಕಳಿಗಾಗಿ 1978ರಲ್ಲಿ ಬಂದ ಕಾನೂನು. ಆ ಸಮುದಾಯಗಳ ಮಕ್ಕಳಲ್ಲಿ ನಾಲ್ಕಕ್ಕೊಂದಕ್ಕಿಂತ ಜಾಸ್ತಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದ್ದರು ಎಂದು ಆಗಿನ ಸಮೀಕ್ಷೆಗಳು ಹೇಳಿದವು. ಹೆಚ್ಚಿನ ಮಕ್ಕಳು ಹೋಗಿ ಸೇರಿದ್ದು ಹೊರಗಿನವರ ಮನೆಗೆ, ಸಂಸ್ಥೆಗಳಿಗೆ. ಆಮೇಲೆ ಕಾನೂನು ಒಂದು ಸಾಲು ಬರೆಯಿತು. ದತ್ತು ಕೊಡುವುದಾದರೆ ಮೊದಲು ಮಗುವಿನ ನೆಂಟರು, ಆಮೇಲೆ ಅದೇ ಬುಡಕಟ್ಟಿನವರು, ಆಮೇಲೆ ಬೇರೆ ಮೂಲನಿವಾಸಿ ಕುಟುಂಬ. 2023ರಲ್ಲಿ ಸುಪ್ರೀಂ ಕೋರ್ಟು ಏಳು–ಎರಡರ ತೀರ್ಪಿನಲ್ಲಿ ಇದನ್ನು ಉಳಿಸಿತು. ತರಬೇತಿಯಲ್ಲಿ ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಎರಡು ಲೋಟ.

ನನ್ನ ಹುಡುಗನಿಗೂ ಅಜ್ಜಿ ಇದ್ದಾರೆ, ಪಕ್ಕದ ರಾಜ್ಯದಲ್ಲಿ. 30 ದಿನದ ನೋಟಿಸ್ ಅವರಿಗೆ ಸರಿಯಾದ ಹೊತ್ತಿಗೇ ಮುಟ್ಟಿತು. ಕಳಿಸಿ, ನಾನು ನೋಡಿಕೊಳ್ಳುತ್ತೇನೆ ಎಂದು ಅವತ್ತೇ ಹೇಳಿದರು. ರಾಜ್ಯದ ಗಡಿ ದಾಟುವ ಕೇಸಿನಲ್ಲಿ ಮನೆ ಪರಿಶೀಲನೆಯ ವರದಿ 60 ದಿನದಲ್ಲಿ ಬರಬೇಕು, ಇದೂ ಫೆಡರಲ್ ನಿಯಮವೇ. ವರದಿ ಬರಲು ಏಳು ತಿಂಗಳಾಯಿತು. ಬಂದ ವರದಿ, ಮನೆಗೆ ಒಂದೇ ಮಲಗುವ ಕೋಣೆ, ಮಗುವಿಗೆ ಬೇರೆ ಕೋಣೆ ಇಲ್ಲ, ಆಗುವುದಿಲ್ಲ ಎಂದಿತು. ಆ ಏಳು ತಿಂಗಳಲ್ಲಿ ಹುಡುಗ ಇನ್ನೊಂದು ಮನೆ, ಇನ್ನೊಂದು ಸ್ಕೂಲ್ ನೋಡಿದ. ಅಪರಿಚಿತರ ಮನೆಯಲ್ಲಿ ಅವನಿಗೆ ಸ್ವಂತ ಕೋಣೆ ಇತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಾನು ಚಾಪೆ ಮೇಲೆ ಆರು ಜನ ಸಾಲಾಗಿ ಮಲಗಿದ ಮನೆಯಿಂದ ಬಂದವನು. ಆ ವರದಿ ಓದಿದ ದಿನ ನನಗೂ ನಿದ್ದೆ ಬರಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಹೊಸ ನಿಯಮ ತಂದಿದೆ. ನೆಂಟರ ಮನೆಗೆ ಫಾಸ್ಟರ್ ಲೈಸೆನ್ಸ್ ಕೊಡಲು ಬೇರೆ ಅಳತೆ ಇಟ್ಟುಕೊಳ್ಳಬಹುದು, ಆಗಲೂ ಹೊರಗಿನವರಿಗೆ ಕೊಡುವಷ್ಟೇ ಹಣ ಕೊಡಬೇಕು ಎಂದು. ಒಳ್ಳೆಯ ನಿಯಮ. ಆದರೆ 'ಬಹುದು' ಎಂದಿದೆ, ಬೇಕು ಎಂದಿಲ್ಲ. ಅದನ್ನು 'ಬೇಕು' ಮಾಡಬೇಕು ಎಂಬುದು ನನ್ನ ಒತ್ತಾಯ.

ಇನ್ನು ಗಡಿಯಾರದ ವಿಷಯ. 1997ರ ಕಾನೂನಿನ ಪ್ರಕಾರ, ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಫಾಸ್ಟರ್ ಕೇರ್‌ನಲ್ಲಿದ್ದರೆ, ಹೆತ್ತವರ ಹಕ್ಕು ಕೊನೆಗೊಳಿಸಲು ರಾಜ್ಯ ಅರ್ಜಿ ಹಾಕಬೇಕು. ಮಗು ವರ್ಷಗಟ್ಟಲೆ ಎಲ್ಲೂ ಸೇರದೆ ಅಲೆಯಬಾರದು ಎಂಬ ಕಾಳಜಿಯಿಂದಲೇ ಇದು ಬಂದದ್ದು. ಅಮಲಿನ ಚಟಕ್ಕೆ ಸಿಕ್ಕಿದ ತಾಯಿ ಚಿಕಿತ್ಸೆಗೆ ಸೇರಿ, ಜಾರಿ, ಮತ್ತೆ ಎದ್ದು ನಿಲ್ಲುವುದು 15 ತಿಂಗಳಲ್ಲಿ ಆಗುವ ಕೆಲಸವಾ? ಓಹಾಯೋದಲ್ಲಿ ಈ ಪ್ರಶ್ನೆ ಮನೆಮನೆಯದು. ಮಗು ನೆಂಟರ ಹತ್ತಿರ ಇದ್ದರೆ ಈ ಅರ್ಜಿಯಿಂದ ವಿನಾಯಿತಿ ಕೊಡಬಹುದು. ಅಜ್ಜಿಯ ಮನೆಯಲ್ಲಿ ಕಾಯುವುದು ಕಾಯುವುದಲ್ಲ, ಬೆಳೆಯುವುದು. ಮನೆ ಮುರಿಯುವ ಮೊದಲೇ ಚಿಕಿತ್ಸೆಗೆ, ಮಾನಸಿಕ ಆರೋಗ್ಯಕ್ಕೆ, ಮಕ್ಕಳನ್ನು ಸಾಕುವ ತಿಳಿವಳಿಕೆಗೆ ಫೆಡರಲ್ ಹಣ ಬಳಸಬಹುದು ಎಂದು 2018ರ ಕಾನೂನು ಬಾಗಿಲು ತೆರೆಯಿತು. ಮೊದಲಾಗಿದ್ದರೆ ಆ ಹಣದ ದೊಡ್ಡ ಪಾಲು ಮಗುವನ್ನು ತೆಗೆದ ಮೇಲೆಯೇ ಬರುತ್ತಿತ್ತು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆ ಓದಿ ನೋಡಿ. ಮಗುವಿನ ಮಾತು ಕೇಳಬೇಕು, ಅದಕ್ಕೆ ಸಂಬಂಧಿಸಿದ ತೀರ್ಮಾನದಲ್ಲಿ ಅದಕ್ಕೂ ಪಾಲು ಇರಬೇಕು ಎಂದು ಶುರುವಿನಲ್ಲೇ ಇದೆ. ಬಾಲಮಂದಿರ ಕೊನೆಯ ದಾರಿ ಎಂದೂ ಇದೆ. ಕಷ್ಟದಲ್ಲಿ ಸಿಕ್ಕಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. ಆದರೆ ಇದೆಲ್ಲ ಶುರುವಾಗುವುದು ಮಗು ಮನೆಯಿಂದ ಹೊರಗೆ ಬಿದ್ದ ಮೇಲೆ. ನೆಂಟರ ಮನೆ ಸೇರಿದ ಮಗು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅಕ್ಕನ ಹಾಗೆ. ಎಲ್ಲರೂ 'ಮನೆ ವಿಷಯ' ಎಂದು ಸುಮ್ಮನಾಗುತ್ತಾರೆ.

ಒಂದು ಸಣ್ಣ ಸಂದಿ ಇದೆ. ನೆಂಟರ ಜೊತೆ ಬೆಳೆಯುತ್ತಿರುವ ಅನಾಥ ಮಗುವಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ಹಣ ಸಿಗುತ್ತದೆ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ದಾಟಿರಬಾರದು. ಅರ್ಜಿ ಕೊಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಊರಲ್ಲಿ ಇಂಥ ಮಗು ಇದ್ದರೆ ದಯವಿಟ್ಟು ಆ ಮನೆಯವರಿಗೆ ಇದನ್ನು ತಿಳಿಸಿ. ನನ್ನ ಆಸೆ ಇಷ್ಟೇ: ಆ ಹಣದ ನೆಪದಲ್ಲಾದರೂ ಯಾರೋ ಒಬ್ಬರು ಮೂರು ತಿಂಗಳಿಗೊಮ್ಮೆ ಆ ಮನೆಗೆ ಹೋಗಲಿ. ದೊಡ್ಡವರು ಕೊಟ್ಟ ಕಾಫಿ ಕುಡಿದ ಮೇಲೆ ಮಗುವನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಮಾತಾಡಲಿ. ಸ್ಕೂಲಿಗೆ ಹೋಗ್ತಿದ್ದೀಯಾ, ಮುಂದೆ ಏನು ಓದಬೇಕು ಅನಿಸುತ್ತೆ, ತಮ್ಮ ಎಲ್ಲಿದ್ದಾನೆ ಎಂದು ಕೇಳಲಿ. ಇದಕ್ಕೆ ಅಮೆರಿಕದ ಕಾನೂನೇನೂ ಬೇಡ.

ಹೋದ ವರ್ಷ ಊರಿಗೆ ಹೋದಾಗ ಅಕ್ಕ ಬೀದಿಯ ಕೊನೆಯ ಮನೆಗೆ ಕರೆದೊಯ್ದಳು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮೊಮ್ಮಗಳನ್ನು ಒಬ್ಬರು ಅಜ್ಜಿ ಸಾಕುತ್ತಿದ್ದಾರೆ. ಅರ್ಜಿ ತುಂಬಿ ಚಿಕ್ಕಮಗಳೂರಿಗೆ ಕೊಟ್ಟು ಬಂದವಳು ಅಕ್ಕನೇ. ಈಗ ದುಡ್ಡು ಬರುತ್ತಿದೆ. ಹುಡುಗಿ ಒಂಬತ್ತನೇ ಕ್ಲಾಸು. ಅಕ್ಕ ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಅವಳ ಜೊತೆ ಕೂತು ಮಾತಾಡುತ್ತಾಳೆ. ಅದನ್ನು ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಇಲ್ಲಿ ನನ್ನ ಹುಡುಗನ ಕೇಸು ಮುಂದಿನ ತಿಂಗಳು ಮತ್ತೆ ಕೋರ್ಟಿಗೆ ಬರುತ್ತದೆ. ಅಜ್ಜಿ ಹಾಲ್‌ಗೆ ಮಂಚ ಹಾಕಿಸಿ, ಫೋಟೋ ಜೊತೆ ಅರ್ಜಿ ಹೊಸದಾಗಿ ಕೊಟ್ಟಿದ್ದಾರೆ. ಅಲ್ಲಿನ ಸ್ಕೂಲಿನ ಹೆಸರು ಅವನಿಗೆ ಆಗಲೇ ಗೊತ್ತು. ಅಲ್ಲಿ ಊಟದ ನಂಬರ್ ಎಷ್ಟು ಅಂಕಿಯದು ಎಂದು ಮೊನ್ನೆ ನನ್ನನ್ನು ಕೇಳಿದ. ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.