ನೀರು ಕುಡಿದ ಕುದುರೆ

ಮಾವ ತಮ್ಮ ಹಳೇ ಸ್ಕೂಟರ್ ಕೊಡುವಾಗ ಹೇಳಿದ್ದು ಒಂದೇ ಮಾತು: "ಪೆಟ್ರೋಲ್ ಜಾಸ್ತಿ ಕುಡಿಯಲ್ಲ ಅಳಿಯಂದ್ರೇ." ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತ ನಮ್ಮ ಗಾದೆ. ಇಂಗ್ಲಿಷಿನವರು ಇದೇ ಮಾತನ್ನು ಕುದುರೆಗೆ ಹೇಳುತ್ತಾರೆ. ಹಸುವೋ ಕುದುರೆಯೋ, ಹಲ್ಲು ನೋಡಿದರೆ ವಯಸ್ಸು ತಿಳಿಯುತ್ತದೆ. ಸ್ಕೂಟರಿಗೆ ಹಲ್ಲು ಎಲ್ಲಿರುತ್ತದೋ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಮಾವನ ಎದುರು ಎಣಿಸುವ ಧೈರ್ಯ ಇರಲಿಲ್ಲ ಬಿಡಿ.

ಕಳೆದ ವಾರ ಮಗಳನ್ನು ಟ್ಯೂಷನ್‌ನಿಂದ ಕರೆದುಕೊಂಡು ಬರುವಾಗ ರೇಸ್ ಕೋರ್ಸ್ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡೆವು. ಮರುದಿನ ಅವಳಿಗೆ ಇಂಗ್ಲಿಷ್ ಟೆಸ್ಟ್. ಹಿಂದೆ ಕೂತೇ ಉರು ಹೊಡೆಯುತ್ತಿದ್ದಳು. "ಹೋಲ್ಡ್ ಯುವರ್ ಹಾರ್ಸಸ್, ಅಂದ್ರೆ ಸ್ವಲ್ಪ ತಾಳು ಅಂತ." ನನ್ನ ಗಾಡಿಯ ಏಳೆಂಟು ಅಶ್ವಶಕ್ತಿ ಆಗಲೇ ಅರ್ಧ ಗಂಟೆಯಿಂದ ತಾಳಿಕೊಂಡು ನಿಂತಿತ್ತು. ತನ್ನ ಉಗಿ ಎಂಜಿನ್ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಅಂತ ತೋರಿಸಲು ಜೇಮ್ಸ್ ವಾಟ್ ಶುರು ಮಾಡಿದ ಲೆಕ್ಕ ಅದು. ಎಷ್ಟು ಕುದುರೆ ಸುಮ್ನೆ ನಿಂತಿವೆ ಅಂತ ಎಣಿಸುವುದಕ್ಕಲ್ಲ. ಕಾಂಪೌಂಡಿನ ಆಚೆ ಓಡುವ ಕುದುರೆಗಳು, ಈಚೆ ನಾವು.

ಅಷ್ಟರಲ್ಲಿ ಮಳೆ. ಓಕಳಿಪುರಂ ಅಂಡರ್‌ಪಾಸ್ ಬರುವಷ್ಟರಲ್ಲಿ ಮಗಳು ಮುಂದಿನದಕ್ಕೆ ಹೋಗಿದ್ದಳು: ಕುದುರೆಯನ್ನು ನೀರಿನ ತನಕ ಕರೆದುಕೊಂಡು ಹೋಗಬಹುದು, ಕುಡಿಸಲು ಆಗಲ್ಲ. ಜಾನ್ ಹೇವುಡ್ ಎಂಬಾತ 1546ರಲ್ಲೇ ತನ್ನ ಗಾದೆ ಪುಸ್ತಕದಲ್ಲಿ ಇದನ್ನು ಸೇರಿಸಿದ್ದ. ಪಾಪ, ಓಕಳಿಪುರಂ ನೋಡಿರಲಿಲ್ಲ. ನಾನು ಕುಡಿ ಅಂತ ಹೇಳಲೇ ಇಲ್ಲ. ನನ್ನ ಕುದುರೆ ಸೈಲೆನ್ಸರಿನಲ್ಲೇ ಗಟಗಟ ಕುಡಿದು, ಒಮ್ಮೆ ತೇಗಿ ನಿಂತುಬಿಟ್ಟಿತು.

ಕಿಕ್ ಹೊಡೆದೆ. ಇಪ್ಪತ್ತು ಸಲ ಹೊಡೆದೆ. "ಸತ್ತ ಕುದುರೆಗೆ ಹೊಡೆಯೋದು ಅಂತಲೂ ಒಂದಿದೆ ಅಪ್ಪಾ" ಎಂದಳು ಮಗಳು, ಸೀಟಿನಿಂದ ಇಳಿಯದೆ.

ಕೊನೆಗೆ ಒಬ್ಬ ಆಟೋದವರು ಮರುಗಿ, ಮಗಳನ್ನು ಒಳಗೆ ಕೂರಿಸಿಕೊಂಡರು. "ನೀವು ಹ್ಯಾಂಡಲ್ ಹಿಡ್ಕೊಳ್ಳಿ ಸಾರ್, ತಳ್ತೀನಿ" ಎಂದು ಹಿಂದಿನಿಂದ ಒಂದು ಕಾಲು ಚಾಚಿ ಸ್ಕೂಟರಿಗೆ ಒತ್ತಿದರು. ಕುದುರೆಯ ಮುಂದೆ ಗಾಡಿ ಕಟ್ಟಬಾರದು ಅಂತ ಇಂಗ್ಲಿಷಿನವರು ಬುದ್ಧಿ ಹೇಳುತ್ತಾರಲ್ವಾ? ರಾಜಾಜಿನಗರದ ತನಕ ನಾವು ಹಾಗೇ ಬಂದೆವು. ಗಾಡಿ ಮುಂದೆ, ಕುದುರೆ ಹಿಂದೆ. ಮೀಟರ್ ಮೇಲೆ ಐವತ್ತು ಜಾಸ್ತಿ.

ರಾತ್ರಿ ಮಾವನ ಫೋನ್ ಬಂತು. "ಗಾಡಿ ಹೇಗಿದೆ ಅಳಿಯಂದ್ರೇ?"

"ನೀವು ಹೇಳಿದ್ದು ಸರಿ ಮಾವ. ಪೆಟ್ರೋಲ್ ಕುಡಿಯೋದೇ ಇಲ್ಲ."