ಮೂರು, ಮೂರು, ಎಂಟು, ಎಂಟು

3, 3, 8, 8. ಈ ನಾಲ್ಕು ಅಂಕಿಗಳಿಂದ 24 ಮಾಡಬೇಕು. ನಾಲ್ಕನ್ನೂ ಬಳಸಲೇಬೇಕು, ಒಂದೊಂದನ್ನು ಒಂದೇ ಸಲ. ಕೂಡಿ, ಕಳೆಯಿರಿ, ಗುಣಿಸಿ, ಭಾಗಿಸಿ. ಕಂಸವನ್ನು ಎಲ್ಲಿ ಬೇಕಾದರೂ ಹಾಕಿಕೊಳ್ಳಿ. ಮೂರು ಮತ್ತು ಎಂಟನ್ನು ಅಂಟಿಸಿ 38 ಅನ್ನುವ ಹಾಗಿಲ್ಲ. ವರ್ಗ, ವರ್ಗಮೂಲ, ಫ್ಯಾಕ್ಟೋರಿಯಲ್ ಯಾವುದೂ ಇಲ್ಲ. ಪ್ರೈಮರಿ ಸ್ಕೂಲಿನ ಲೆಕ್ಕ ಸಾಕು.

ಉತ್ತರವನ್ನು ಈ ಬರಹದ ನಡುವೆ ಹೇಳಿಬಿಡುತ್ತೇನೆ. ಹಾಗಾಗಿ ತಾವೇ ಬಿಡಿಸಬೇಕು ಅನ್ನುವವರು ಇಲ್ಲೇ ನಿಲ್ಲಿಸಿ, ಒಂದು ಪೆನ್ನು ಹುಡುಕಿಕೊಳ್ಳಿ. ಬರಹ ಎಲ್ಲೂ ಓಡಿಹೋಗುವುದಿಲ್ಲ.

ಎಲ್ಲರ ಕೈ ಮೊದಲು ಹೋಗುವುದು ಮಗ್ಗಿಯ ಕಡೆಗೆ. ಮೂರೆಂಟ್ಲ ಇಪ್ಪತ್ನಾಲ್ಕು! ಆಯಿತಲ್ಲ ಅಂತ ಖುಷಿಪಡುವಷ್ಟರಲ್ಲಿ ಇನ್ನೊಂದು ಮೂರು, ಇನ್ನೊಂದು ಎಂಟು ಕೈಯಲ್ಲೇ ಉಳಿದಿರುತ್ತವೆ. ಅವೆರಡನ್ನು ಹೇಗಾದರೂ ಸೊನ್ನೆ ಮಾಡಿದರೆ ಕೂಡಿಸಬಹುದು, ಒಂದು ಮಾಡಿದರೆ ಗುಣಿಸಬಹುದು. ಆದರೆ ಮೂರು ಮತ್ತು ಎಂಟರಿಂದ ಸೊನ್ನೆಯೂ ಬರುವುದಿಲ್ಲ, ಒಂದೂ ಬರುವುದಿಲ್ಲ. ಬರುವುದು 11, 5, ಇಲ್ಲವೇ ಇನ್ನೊಂದು 24. ಭಾಗಿಸಿದರೆ ಒಂದು ಸೊಟ್ಟ ಭಿನ್ನರಾಶಿ.

ಅಲ್ಲಿಂದ ಶುರುವಾಗುತ್ತದೆ ನೋಡಿ ನಿಜವಾದ ಹಿಂಸೆ. ನಾಲ್ಕನ್ನೂ ಕೂಡಿದರೆ 22. ಎರಡು ಕಡಿಮೆ. 3 × 3 + 8 + 8 ಮಾಡಿದರೆ 25. ಒಂದು ಜಾಸ್ತಿ. (8 − 3) × (8 − 3) ಮಾಡಿದರೆ? ಮತ್ತೆ 25. ಎಂಟನ್ನು ಎಂಟರಿಂದ ಗುಣಿಸಿ, ಮೂರರಿಂದ ಭಾಗಿಸಿ, ಉಳಿದ ಮೂರನ್ನು ಕೂಡಿ ನೋಡಿ, 24 ಮತ್ತು ಮೇಲೊಂದು ಮೂರನೇ ಒಂದು ಭಾಗ. ಬೇಕು ಅಂತಲೇ ಅಣಕಿಸುವ ಹಾಗಿದೆ ಅಲ್ವಾ? ಸುತ್ತಮುತ್ತ ಎಲ್ಲಾ ಮನೆಯ ಬಾಗಿಲೂ ತೆರೆಯುತ್ತವೆ, 24ರದ್ದು ಮಾತ್ರ ತೆರೆಯುವುದಿಲ್ಲ.

ಈ ಆಟ ಹೊಸದಲ್ಲ. ಚೀನಾದಲ್ಲಿ ಇಸ್ಪೀಟೆಲೆ ಇಟ್ಟುಕೊಂಡು ಆಡುತ್ತಾರೆ. ನಾಲ್ಕು ಎಲೆ ಎಸೆಯುವುದು, ಯಾರು ಮೊದಲು 24 ಮಾಡುತ್ತಾರೋ ಅವರು ಗೆದ್ದಂತೆ. ಶಾಂಘೈನಲ್ಲಿ ಹುಟ್ಟಿದ ರಾಬರ್ಟ್ ಸನ್ ಅನ್ನುವವರು 1988ರಲ್ಲಿ ಅಮೆರಿಕದಲ್ಲಿ ಇದನ್ನು ಕಾರ್ಡುಗಳ ಆಟವಾಗಿ ತಂದರು, ಅಲ್ಲಿನ ಶಾಲೆಗಳಿಗೆ ಅದು ಹೋಯಿತು. 24ನ್ನೇ ಯಾಕೆ ಹಿಡಿದರು ಅಂದರೆ ಅದು ಸುಲಭವಾಗಿ ಒಡೆಯುವ ಸಂಖ್ಯೆ. 1, 2, 3, 4, 6, 8, 12, 24, ಹೀಗೆ ಎಂಟು ಸಂಖ್ಯೆಗಳು ಅದನ್ನು ನಿಶ್ಶೇಷವಾಗಿ ಭಾಗಿಸುತ್ತವೆ. ಎಂಟು ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆ ಅದೇ. ಎಕ್ಕದಿಂದ ರಾಜನವರೆಗೆ 1ರಿಂದ 13 ಅಂತ ಲೆಕ್ಕ ಹಿಡಿದರೆ ನಾಲ್ಕು ಎಲೆಗಳ ಗುಂಪು 1820 ಆಗುತ್ತವೆ. ಅದರಲ್ಲಿ 1362 ಗುಂಪುಗಳಿಗೆ ಉತ್ತರ ಇದೆ. ಬಹುತೇಕ ಗುಂಪುಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತವೆ. 3, 3, 8, 8 ಆಗುವುದಿಲ್ಲ.

ನನ್ನ ತಕರಾರು ಶುರುವಾಗುವುದು ಇಲ್ಲಿ. ಬುದ್ಧಿಗೆ ಕೆಲಸ ಅಂದರೆ ಇಂಥದ್ದು. ನಮ್ಮ ಫ್ಯಾಮಿಲಿ ಗ್ರೂಪುಗಳಿಗೆ ಬಂದು ಬೀಳುವುದು ಬೇರೆಯದೇ. "ಜೀನಿಯಸ್‌ಗಳಿಗೆ ಮಾತ್ರ", "ನೂರಕ್ಕೆ ತೊಂಬತ್ತೊಂಬತ್ತು ಜನ ಫೇಲ್" ಅಂತ ತಲೆಬರಹ. ಕೆಳಗೆ ಮೂರು ಸೇಬು, ಒಂದು ಬಾಳೆಗೊನೆ, ಅರ್ಧ ತೆಂಗಿನಕಾಯಿ. ಕೊನೆಯ ಸಾಲಿನ ಗೊನೆಯಲ್ಲಿ ಒಂದು ಬಾಳೆಹಣ್ಣು ಕಡಿಮೆ ಇರುತ್ತದೆ, ಅದೇ ಕಿತಾಪತಿ. ಅದು ಕಣ್ಣಿನ ಪರೀಕ್ಷೆ, ಲೆಕ್ಕ ಅಲ್ಲ.

ಇನ್ನೊಂದು ಜಾತಿ ಇದೆ. 8 ÷ 2(2 + 2) ಎಷ್ಟು? 2019ರಲ್ಲಿ ಇದು ಲೋಕವನ್ನೆಲ್ಲ ಸುತ್ತಿತು. ಕೆಲವರು 16 ಅಂದರು, ಕೆಲವರು 1 ಅಂದರು. ಬಾಡ್‌ಮಾಸ್ ಮೇಲೆ ಆಣೆ ಇಟ್ಟು ಜಗಳ ಆಡಿದರು. ಅಲ್ಲಿ ಜಗಳ ಇದ್ದದ್ದು ಬರೆದ ರೀತಿಯ ಬಗ್ಗೆ. 2(2 + 2) ಅನ್ನುವುದನ್ನು ಒಂದೇ ತುಂಡು ಅಂತ ಓದಬೇಕೋ, ಎಡದಿಂದ ಬಲಕ್ಕೆ ಬಿಡಿಸುತ್ತಾ ಹೋಗಬೇಕೋ ಅನ್ನುವುದಷ್ಟೇ ಪ್ರಶ್ನೆ. ಇನ್ನೊಂದು ಕಂಸ ಹಾಕಿದ್ದರೆ ಪ್ರಶ್ನೆಯೇ ಇರುತ್ತಿರಲಿಲ್ಲ. ವಿಳಾಸ ಅರ್ಧ ಬರೆದು ಪೋಸ್ಟ್‌ಮನ್ನನ ಬುದ್ಧಿ ಅಳೆಯುವ ಕೆಲಸ ಇದು.

3, 3, 8, 8ರಲ್ಲಿ ಅಂಥ ಕಳ್ಳಾಟ ಇಲ್ಲ. ಎಲ್ಲವೂ ಮೇಜಿನ ಮೇಲೇ ಇದೆ. ಹುಡುಕಬೇಕಾದ ಜಾಗವೂ ತುಂಬಾ ದೊಡ್ಡದಲ್ಲ. ಎರಡು ಮೂರು, ಎರಡು ಎಂಟನ್ನು ಸಾಲಾಗಿ ಇಡಲು 6 ದಾರಿ. ನಡುವಿನ ಮೂರು ಜಾಗಗಳಲ್ಲಿ ನಾಲ್ಕರಲ್ಲಿ ಯಾವುದಾದರೂ ಒಂದು ಚಿಹ್ನೆ, ಅಂದರೆ 64 ದಾರಿ. ಕಂಸ ಹಾಕುವುದು 5 ಥರ. ಮೂರನ್ನೂ ಗುಣಿಸಿದರೆ 1920. ಹಟಕ್ಕೆ ಬಿದ್ದು ಕೂತರೆ ಒಂದು ನೋಟ್‌ಬುಕ್ಕಲ್ಲಿ ಎಲ್ಲವನ್ನೂ ಬರೆದು ಮುಗಿಸಬಹುದು. ಆ 1920ರಲ್ಲಿ 24 ಬರುವುದು ಒಂದೇ ಒಂದು.

ಹಾಗಾದರೆ ಯಾಕೆ ಸಿಗುವುದಿಲ್ಲ? ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಪ್ರಯೋಗ ಇದೆ. ಅಬ್ರಹಾಂ ಲೂಚಿನ್ಸ್ 1942ರಲ್ಲಿ ಪ್ರಕಟಿಸಿದ್ದು. ಮೂರು ಪಾತ್ರೆ ಕೊಟ್ಟು ಇಷ್ಟು ನೀರು ಅಳೆದು ತೆಗೆಯಿರಿ ಅನ್ನುವ ಲೆಕ್ಕಗಳು. 21, 127, 3 ಅಳತೆಯ ಪಾತ್ರೆಗಳಿಂದ 100 ತೆಗೆಯಬೇಕು. ದೊಡ್ಡದನ್ನು ತುಂಬಿಸಿ, 21 ಒಂದು ಸಲ, 3 ಎರಡು ಸಲ ತೆಗೆದರೆ ಆಯಿತು. ಇದೇ ಉಪಾಯದ ಲೆಕ್ಕಗಳನ್ನು ಸಾಲಾಗಿ ಕೊಟ್ಟು, ಆಮೇಲೆ 23, 49, 3ರಿಂದ 20 ತೆಗೆಯಿರಿ ಅಂದರು. 23ರಿಂದ 3 ಕಳೆದರೆ ಮುಗಿಯಿತು! ಆದರೆ ಜನ ಹಳೆಯ ಉಪಾಯವನ್ನೇ ಹಿಡಿದು 49ರಿಂದ 23 ತೆಗೆದು, ಎರಡು ಸಲ ಮೂರು ತೆಗೆದು, ಸುತ್ತಿ ಬಳಸಿ ಬಂದರು. ಹಿಂದೆ ಗೆಲ್ಲಿಸಿದ ದಾರಿ ಮುಂದಿನ ದಾರಿಯನ್ನು ಮುಚ್ಚಿಬಿಡುತ್ತದೆ.

ನಮ್ಮ ವಿಷಯದಲ್ಲಿ ಆ ಹಳೆಯ ದಾರಿ ಮೂರೆಂಟ್ಲ ಇಪ್ಪತ್ನಾಲ್ಕು. ಅದರ ಹಿಂದೆ ಇನ್ನೊಂದು ಗುಟ್ಟಾದ ನಿಯಮ ಇದೆ. ಅದನ್ನು ಪ್ರಶ್ನೆ ಹೇಳಿಲ್ಲ, ನಾವೇ ಹಾಕಿಕೊಂಡಿದ್ದೇವೆ. ಪ್ರತಿ ಹೆಜ್ಜೆಯಲ್ಲೂ ಪೂರ್ಣ ಸಂಖ್ಯೆಯೇ ಬರಬೇಕು ಅಂತ. ಎಂಟನ್ನು ಮೂರರಿಂದ ಭಾಗಿಸಲು ಹೋಗಿ, "ಅಯ್ಯೋ ಹೋಗಲ್ಲ" ಅಂತ ತಕ್ಷಣ ಅಳಿಸಿಬಿಡುತ್ತೇವೆ. ಹೋಗಲ್ಲ ಅಂತ ಯಾರು ಹೇಳಿದರು?

ಹಿಂದಿನಿಂದ ಬನ್ನಿ. ಕೊನೆಯ ಹೆಜ್ಜೆಯಲ್ಲಿ ಒಂದು ಎಂಟು ಕೈಯಲ್ಲಿದೆ ಅಂದುಕೊಳ್ಳಿ. ಉಳಿದದ್ದು 3, 3, 8. ಎಂಟನ್ನು ಏನು ಮಾಡಿದರೆ 24 ಆಗುತ್ತದೆ? ಮೂರರಿಂದ ಗುಣಿಸಬೇಕು, ಆದರೆ 3, 3, 8ರಿಂದ ಮೂರು ಬರುವುದಿಲ್ಲ. 16 ಕೂಡಬೇಕು, ಅದೂ ಬರುವುದಿಲ್ಲ. 32ರಿಂದ ಎಂಟು ಕಳೆಯಬೇಕು, ಇಲ್ಲ. 192ನ್ನು ಎಂಟರಿಂದ ಭಾಗಿಸಬೇಕು, ಅದೂ ಇಲ್ಲ. ಇನ್ನೊಂದು ಉಳಿಯಿತು. ಎಂಟನ್ನೇ ಏನರಿಂದಲೋ ಭಾಗಿಸಿ 24 ತರಬೇಕು. ಭಾಗಿಸಿದರೆ ಸಂಖ್ಯೆ ದೊಡ್ಡದಾಗಬೇಕು ಅಂದರೆ ಒಂದಕ್ಕಿಂತ ಚಿಕ್ಕದರಿಂದ ಭಾಗಿಸಬೇಕು. ಎಂಟು ರೊಟ್ಟಿಯನ್ನು ತಲೆಗೆ ಮೂರನೇ ಒಂದು ಭಾಗದಂತೆ ಹಂಚಿದರೆ 24 ಜನಕ್ಕೆ ಬರುತ್ತದೆ ಅಲ್ವಾ, ಅಷ್ಟೇ ಇದು. ಈಗ 3, 3, 8ರಿಂದ ಮೂರನೇ ಒಂದು ಬೇಕು. ಎಂಟನ್ನು ಮೂರರಿಂದ ಭಾಗಿಸಿ. ಎರಡು, ಮೇಲೆ ಮೂರನೇ ಎರಡು. ಅದನ್ನು ಇನ್ನೊಂದು ಮೂರರಿಂದ ಕಳೆಯಿರಿ. ಉಳಿದದ್ದು ಮೂರನೇ ಒಂದು.

8 ÷ (3 − 8/3) = 24.

ಇದನ್ನು ಮೊದಲ ಸಲ ನೋಡಿದಾಗ ನನಗೆ ಒಂಥರಾ ಕೋಪ ಬಂತು. ಎಷ್ಟು ಚಿಕ್ಕದು! "ಹೋಗಲ್ಲ" ಅಂತ ಅಳಿಸಿದ ಆ ಸೊಟ್ಟ ಸಂಖ್ಯೆಯೇ ಕೀಲಿಕೈ.

ಕ್ಯಾಲ್ಕುಲೇಟರಿನ ಅಭ್ಯಾಸ ಇದ್ದವರಿಗೆ ಇಲ್ಲಿ ಇನ್ನೊಂದು ಪೆಟ್ಟು ಕಾದಿದೆ. ಎಂಟು ಭಾಗಿಸು ಮೂರು, 2.67 ಅಂತ ಬರೆದುಕೊಳ್ಳಿ. ಮೂರರಿಂದ ಕಳೆದರೆ 0.33. ಎಂಟನ್ನು ಅದರಿಂದ ಭಾಗಿಸಿದರೆ 24.24. "ಹತ್ತಿರ ಬಂತು, ಆದರೆ ಅಲ್ಲ" ಅಂತ ಸರಿಯಾದ ಉತ್ತರವನ್ನೇ ಕಸದ ಬುಟ್ಟಿಗೆ ಹಾಕುತ್ತೀರಿ. ಕಂಪ್ಯೂಟರಿಗೂ ಇದೇ ಗತಿ. ಇದನ್ನು ಬಿಡಿಸುವ ಪ್ರೋಗ್ರಾಂ ಬರೆದು, ದಶಮಾಂಶದಲ್ಲಿ ಲೆಕ್ಕ ಮಾಡಿಸಿ, ಉತ್ತರ ಸರಿಯಾಗಿ 24 ಇದೆಯೇ ಅಂತ ಕೇಳಿ ನೋಡಿ. ಯಂತ್ರಕ್ಕೆ ಸಿಗುವುದು 23.9999 ಅಂತ ಸಾಗುವ ಒಂದು ಸಂಖ್ಯೆ. ಉತ್ತರವೇ ಇಲ್ಲ ಅನ್ನುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಗೆಳೆಯರು ಇದನ್ನು ಓದಿ ನಗುತ್ತಿರಬಹುದು. ಅಂಶ ಮತ್ತು ಛೇದವನ್ನು ಬೇರೆ ಬೇರೆ ಇಟ್ಟುಕೊಂಡರೆ ಮಾತ್ರ ಯಂತ್ರಕ್ಕೆ 24 ಸರಿಯಾಗಿ ಕಾಣುತ್ತದೆ.

ಭಿನ್ನರಾಶಿ ಜೊತೆ ನಮಗೆ ಈ ಸಿಡುಕು ಯಾವಾಗ ಬಂತೋ. ಶಾಲೆಯಲ್ಲಿ ಅದನ್ನು ಕಲಿಸಿದ್ದು ಒಂದು ಕೊಳೆ ಎಂಬಂತೆ. ಲಸಾಅ ತೆಗೆ, ಛೇದ ಒಂದೇ ಮಾಡು, ಸಂಕ್ಷೇಪಿಸು, ಆದಷ್ಟು ಬೇಗ ತೊಳೆದು ಪೂರ್ಣ ಸಂಖ್ಯೆ ಮಾಡು. ಅದನ್ನು ಹಾಗೇ ಕೈಯಲ್ಲಿ ಹಿಡಿದು ಮುಂದಿನ ಹೆಜ್ಜೆ ಇಡಬಹುದು ಅಂತ ಯಾರೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಏಳನೇ ಮೂರು ಅಂತ ಬಂದರೆ ಲೆಕ್ಕ ತಪ್ಪಿದೆ ಅಂತಲೇ ಮಕ್ಕಳು ತಿಳಿಯುತ್ತಾರೆ.

ಹಿಂದಿನವರು ಹೀಗಿರಲಿಲ್ಲ. ಹಳೆಯ ಮಗ್ಗಿ ಪುಸ್ತಕಗಳಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಇದ್ದವು. ಬಾಯಿಪಾಠ ಮಾಡಬೇಕಿತ್ತು. ಸೇರು, ಅಚ್ಚೇರು, ಪಾವು, ಚಟಾಕು ಅಂತ ಅಳತೆಯೇ ಒಡೆಯುತ್ತಾ ಹೋಗುತ್ತಿತ್ತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬರುವ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಮೂರು ಜನ ಒಂದು ರೂಪಾಯಿ ಹಂಚಿಕೊಂಡರೆ ತಲೆಗೆ 5 ಆಣೆ 4 ಪೈ, ಒಂದು ಪೈಯೂ ಉಳಿಯುವುದಿಲ್ಲ. ಈಗ ನೂರು ಪೈಸೆಯನ್ನು ಮೂವರಿಗೆ ಹಂಚಿ ನೋಡಿ. ದಶಮಾನ ಪದ್ಧತಿ ಕೆಟ್ಟದ್ದು ಅನ್ನುತ್ತಿಲ್ಲ, ಆಣೆ-ಪೈ ಲೆಕ್ಕ ಬರೆದ ಗುಮಾಸ್ತರ ಪಾಡು ದೇವರಿಗೇ ಪ್ರೀತಿ. ಆದರೆ ಮೂರನೇ ಒಂದು ಅನ್ನುವುದು ಆಗ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ವಸ್ತುವಾಗಿತ್ತು. ಈಗ ಅದು 0.33 ಮತ್ತು ಹಿಂದೊಂದು ಉದ್ದನೆಯ ಬಾಲ.

ಇನ್ನೂ ಹಿಂದೆ ಹೋದರೆ ಮಹಾವೀರಾಚಾರ್ಯ ಸಿಗುತ್ತಾನೆ. ಅಮೋಘವರ್ಷ ನೃಪತುಂಗನ ಕಾಲ, ಸುಮಾರು ಕ್ರಿ.ಶ. 850. ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ 'ಗಣಿತಸಾರಸಂಗ್ರಹ' ಸಂಸ್ಕೃತದಲ್ಲಿದೆ. ಅದರಲ್ಲಿ ಭಿನ್ನರಾಶಿಗೇ ಒಂದು ಅಧ್ಯಾಯ ಇದೆ, ಕಲಾಸವರ್ಣ ಅಂತ. ಅಲ್ಲೊಂದು ಸೊಗಸಾದ ಸೂತ್ರ. ಒಂದನ್ನು ಬೇಕಾದಷ್ಟು ತುಂಡು ಮಾಡಬೇಕು, ಪ್ರತಿ ತುಂಡಿನ ಅಂಶವೂ 1 ಆಗಿರಬೇಕು. ಅವನು ಹೇಳುವುದು ಇಷ್ಟು: ಛೇದಗಳನ್ನು 1, 3, 9, 27 ಹೀಗೆ ಮೂರರಿಂದ ಗುಣಿಸುತ್ತಾ ಬರೆಯಿರಿ, ಮೊದಲನೆಯದನ್ನು ಎರಡರಿಂದ ಗುಣಿಸಿ, ಕೊನೆಯದನ್ನು ಮೂರನೇ ಎರಡರಿಂದ ಗುಣಿಸಿ. ನಾಲ್ಕು ತುಂಡಿಗೆ 2, 3, 9, 18 ಬರುತ್ತವೆ. 1/2 + 1/3 + 1/9 + 1/18. ಕೂಡಿ ನೋಡಿ, ಸರಿಯಾಗಿ ಒಂದು. ಇದರಿಂದ ಯಾರಿಗೂ ತಕ್ಷಣದ ಲಾಭ ಇಲ್ಲ. ಸುಮ್ನೆ ಚೆನ್ನಾಗಿದೆ ಅಂತ ಮಾಡಿದ ಹಾಗೆ ಕಾಣುತ್ತದೆ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಅಂದರೆ ಲೆಕ್ಕದ ಮಾತನ್ನು ಕನ್ನಡದಲ್ಲಿ ಆಡುವುದೂ ಹೊಸದಲ್ಲ. ಇದನ್ನೆಲ್ಲ "ನಮ್ಮವರು ಎಲ್ಲಾ ಮೊದಲೇ ಕಂಡುಹಿಡಿದಿದ್ದರು" ಅನ್ನುವ ಫಾರ್ವರ್ಡಿಗೆ ದಯವಿಟ್ಟು ಸೇರಿಸಬೇಡಿ. ನಾನು ಹೇಳುತ್ತಿರುವುದು ಚಿಕ್ಕ ಮಾತು. ತುಂಡು ಸಂಖ್ಯೆಯನ್ನು ಕಂಡು ಹೆದರದೆ ಅದರ ಜೊತೆ ಆಡುವವರು ಈ ನೆಲದಲ್ಲಿ ಇದ್ದರು.

ಮಕ್ಕಳಿಗೆ ಈ ಲೆಕ್ಕ ಕೊಡುವವರಿಗೆ ಒಂದು ಮನವಿ. ಟೈಮರ್ ಇಡಬೇಡಿ. ವೇಗ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ತಪ್ಪು ದಾರಿಯಲ್ಲಿ ಬೇಗ ಬೇಗ ಓಡಿಸುತ್ತದೆ ಅಷ್ಟೇ. "ಸುಳಿವು ಕೊಡು" ಅಂತ ಪೀಡಿಸಿದರೆ "ಭಾಗಿಸಿದರೆ ಸಂಖ್ಯೆ ದೊಡ್ಡದಾಗಬಹುದೇ?" ಅಂತ ಮಾತ್ರ ಕೇಳಿ. ಈ ಒಂದು ಪ್ರಶ್ನೆಗೆ ಎಷ್ಟೋ ದೊಡ್ಡವರೂ ತಡವರಿಸುತ್ತಾರೆ.

ಇದರ ತಮ್ಮ ತಂಗಿಯರೂ ಇದ್ದಾರೆ. 3, 3, 7, 7 ಸ್ವಲ್ಪ ಮೆತ್ತಗಿನದು, 7 × (3 + 3/7). 1, 5, 5, 5 ತುಂಟ. ಐದೈದ್ಲ ಇಪ್ಪತ್ತೈದು, ಒಂದು ಕಳೆದರೆ 24 ಅಂತ ಬಾಯಿ ತೆರೆಯುವಷ್ಟರಲ್ಲಿ ಮೂರನೆಯ ಐದು ಮುಖ ನೋಡುತ್ತಾ ಕೂತಿರುತ್ತದೆ. ಅದಕ್ಕೆ 5 × (5 − 1/5). ಇನ್ನು 1, 3, 4, 6. ನಾಲ್ಕಾರ್ಲ ಇಪ್ಪತ್ನಾಲ್ಕು ಅಂತ ನಿಮ್ಮ ಬಾಯಿ ಈಗಾಗಲೇ ಹೇಳಿರುತ್ತದೆ. ಅದಕ್ಕೂ ಒಂದೇ ದಾರಿ ಇದೆ, ನಾನು ಹೇಳುವುದಿಲ್ಲ.